ಸೆಲ್ಫ್ ಹೊಡಿಯುತ್ತೆ, ಇಂಜಿನ್ ಮಾತ್ರ ಹತ್ಕೊಳ್ಳಲ್ಲ: ಪಂಪ್ ಬಿಚ್ಚೋಕ್ ಮುಂಚೆ ಆ ಸಣ್ಣ ಲ್ಯಾಂಪ್ ನೋಡಿ

ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದ್ಲು ಕೇಳೋದು, ಕೀ ಆನ್ ಮಾಡಿದಾಗ ಮೀಟರಲ್ಲಿ ಕಾರಿನ ಚಿತ್ರದ ಜೊತೆ ಕೀ ಅಥ್ವಾ ಬೀಗ ಇರೋ ಒಂದು ಸಣ್ಣ ಲ್ಯಾಂಪ್ ಇದ್ಯಲ್ಲ, ಅದು ಏನ್ ಮಾಡ್ತಿದೆ ಅಂತ. ಹತ್ತಿ ಆರಿಹೋಗ್ತಿದ್ಯಾ, ಹತ್ಕೊಂಡೇ ಇದ್ಯಾ, ಮಿಟುಕ್ತಾ ಇದ್ಯಾ? ಹೆಚ್ಚಿನವ್ರು "ಯಾವ ಲ್ಯಾಂಪು, ನಾನು ನೋಡೇ ಇಲ್ವಲ್ಲ" ಅಂತಾರೆ. ಆಯಿಲ್ ಲೈಟ್ ಗೊತ್ತು, ಬ್ಯಾಟರಿ ಲೈಟ್ ಗೊತ್ತು, ಇಂಜಿನ್ ಲೈಟ್ ಕಂಡ್ರೆ ಭಯ, ಇದೊಂದನ್ನ ಮಾತ್ರ ಯಾರೂ ನೋಡಲ್ಲ. ಆದ್ರೆ ಕಳ್ಳತನ ತಡೆಯೋಕೆ ಅಂತ ಕಂಪನಿಯವ್ರೇ ಗಾಡಿ ಒಳಗೆ ಇಟ್ಟಿರೋ ಇಮ್ಮೊಬಿಲೈಸರ್ ನಮಗೆ ಏನಾದ್ರೂ ಹೇಳ್ಬೇಕು ಅಂದ್ರೆ ಅದಕ್ಕಿರೋ ಸುಲಭದ ದಾರಿ ಇದೇ.

ನಾನು ಶಿವಮೊಗ್ಗದಲ್ಲಿ ಕಾರ್ ಎಲೆಕ್ಟ್ರಿಕಲ್ ಕೆಲಸ ಮಾಡ್ತೀನಿ. ಇದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಕೀಲಿ ತೊಂದ್ರೆ ಇರೋ ಗಾಡಿಗೆ ಪೆಟ್ರೋಲ್ ಪಂಪ್ ಬದಲಾಯಿಸಿ, ಪ್ಲಗ್ ಬದಲಾಯಿಸಿ, ಕೊನೆಗೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಹೋಗಿದೆ ಅಂತ ಹೇಳಿಸ್ಕೊಂಡು ಬರೋ ಜನ ತುಂಬಾ ಆಗಿದ್ದಾರೆ, ಅವ್ರ ದುಡ್ಡು ಹೋಗೋದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಒಂದು ಕೇಸ್ ಹೇಳ್ತೀನಿ. ತೀರ್ಥಹಳ್ಳಿ ಕಡೆಯ ರಿಟೈರ್ಡ್ ಮೇಷ್ಟ್ರು ಒಬ್ರು, ಅವ್ರದ್ದೊಂದು ಹ್ಯಾಚ್‌ಬ್ಯಾಕ್. ಕೀ ತಲೆಯ ಪ್ಲಾಸ್ಟಿಕ್ ಒಡೆದು ಬ್ಲೇಡ್ ಅಲ್ಲಾಡ್ತಿತ್ತು, ಎರಡನೇ ಕೀ ಯಾವಾಗ್ಲೋ ಕಳ್ದೋಗಿತ್ತು. ಮಗ ಬೆಂಗಳೂರಿಗೆ ಹೋಗ್ತಾ ಆ ಒಂದೇ ಕೀ ತಗೊಂಡ್ಹೋಗಿ ಯಾವ್ದೋ ಅಂಗಡೀಲಿ ಮಡಚೋ ಥರದ ಹೊಸ ಶೆಲ್ ಹಾಕ್ಸಿ, ಹೊಸ ಬ್ಲೇಡ್ ಕಟ್ ಮಾಡ್ಸಿ ತಂದ. ಅಷ್ಟು ದಿನ ಗಾಡಿ ಮನೆ ಮುಂದೆ ಮಳೇಲಿ ನಿಂತಿತ್ತು. ಬಂದು ಬಟನ್ ಒತ್ತಿದ್ರೆ ಡೋರ್ ಓಪನ್ ಆಯ್ತು, ಕೀ ಹಾಕಿದ್ರೆ ತಿರುಗ್ತು, ಸೆಲ್ಫ್ ಚೆನ್ನಾಗೇ ಹೊಡೀತು, ಇಂಜಿನ್ ಮಾತ್ರ ಹತ್ಲಿಲ್ಲ. ಡೋರ್ ಓಪನ್ ಆದ ಮೇಲೆ ಕೀ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಮಳೇಲಿ ನಿಂತು ಏನೋ ಆಗಿದೆ ಅಂದ್ಕೊಂಡ್ರು, ಲೋಕಲ್ ಗ್ಯಾರೇಜಿನವ್ರು ಟ್ಯಾಂಕ್ ಇಳಿಸಿ ಪಂಪ್ ಬದಲಾಯಿಸಿದ್ರು, ಪ್ಲಗ್ ಹೊಸದು ಹಾಕಿದ್ರು, ಆಗ್ಲೂ ಆಗ್ಲಿಲ್ಲ, ಇನ್ನು ಇಸಿಯುನೇ ಅಂದ್ಬಿಟ್ರು.

ನಾನು ಹೋಗಿ ಕೀ ಆನ್ ಮಾಡಿದ ತಕ್ಷಣ ಆ ಲ್ಯಾಂಪ್ ಪಟಪಟ ಮಿಟುಕ್ತಾ ಇತ್ತು. "ಮೇಷ್ಟ್ರೇ, ಹಳೇ ಕೀದು ಒಡೆದ ಪ್ಲಾಸ್ಟಿಕ್ ಇದ್ಯಾ, ಎಸೆದ್ಬಿಟ್ರಾ?" ಅಂದೆ. ಅವ್ರು "ಅದ್ಯಾಕಪ್ಪ ಈಗ" ಅಂತಾನೇ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು, ಅಂಗಡಿಯವ್ರು ಹಳೇ ಶೆಲ್ ಅದ್ರಲ್ಲೇ ಹಾಕಿ ಕೊಟ್ಟಿದ್ರಂತೆ. ಆ ಒಡೆದ ತುಂಡನ್ನ ಕೀ ಹಾಕೋ ತೂತಿನ ಪಕ್ಕ ಒತ್ತಿ ಹಿಡ್ಕೊಂಡು ಹೊಸ ಕೀ ತಿರುಗಿಸ್ದೆ. ಲ್ಯಾಂಪ್ ಆರ್ತು, ಇಂಜಿನ್ ಹತ್ಕೊಂಡ್ತು. ಮೇಷ್ಟ್ರ ಮನೆಯವ್ರು ಅಡುಗೆಮನೆಯಿಂದ ಓಡಿ ಬಂದ್ರು.

ಆಗಿದ್ದಿಷ್ಟೇ. ಲಾಕ್ ಅನ್‌ಲಾಕ್ ಮಾಡೋ ರಿಮೋಟ್ ಬೋರ್ಡ್ ಬೇರೆ, ಇಂಜಿನಿಗೆ ಪರ್ಮಿಷನ್ ಕೊಡೋ ಚಿಪ್ ಬೇರೆ, ತುಂಬಾ ಕೀಗಳಲ್ಲಿ ಇವೆರಡೂ ಬೇರೆ ಬೇರೆ ಜಾಗದಲ್ಲೇ ಇರುತ್ವೆ. ಅಂಗಡಿಯವ್ರು ಬೋರ್ಡನ್ನ ಹೊಸ ಶೆಲ್ಲಿಗೆ ಹಾಕಿದ್ರು, ಚಿಪ್ ಹಳೇದ್ರಲ್ಲೇ ಉಳೀತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅದು, ಕಪ್ಪು ಬಣ್ಣದ ಕಾರ್ಬನ್ ತುಂಡು ಥರ ಇರುತ್ತೆ, ಕೆಲವು ಕಡೆ ಸಣ್ಣ ಗಾಜಿನ ಕೊಳವೆ ಥರ, ನೋಡಿದ್ರೆ ಪ್ಲಾಸ್ಟಿಕ್ಕಿನದೇ ಭಾಗ ಅನ್ಸುತ್ತೆ. ಶೆಲ್ ಬದಲಾಯಿಸೋರೆಲ್ಲ ದಯವಿಟ್ಟು ಗಾಡೀನ ಅಂಗಡಿ ಮುಂದೆ ನಿಲ್ಸಿ, ಸ್ಟಾರ್ಟ್ ಮಾಡಿ ನೋಡಿ ಆಮೇಲೆ ದುಡ್ಡು ಕೊಡಿ, ಹಳೇ ಶೆಲ್ ಮಾತ್ರ ಎಸೀಬೇಡಿ.

ಈ ಚಿಪ್ಪಿಗೆ ಬ್ಯಾಟರಿ ಇಲ್ಲ. ಇಗ್ನಿಷನ್ ಲಾಕಿನ ಬಾಯಿ ಸುತ್ತ, ಸ್ಟೀರಿಂಗ್ ಕವರ್ ಒಳಗೆ, ತಾಮ್ರದ ತಂತಿ ಸುತ್ತಿರೋ ಒಂದು ರಿಂಗ್ ಇರುತ್ತೆ, ಕಾಯಿಲ್ ಅಂತೀವಿ, ಆಂಟೆನಾ ಅಂತಾನೂ ಕರೀತಾರೆ. ಕೀ ಆನ್ ಮಾಡಿದ ತಕ್ಷಣ ಅದ್ರಲ್ಲಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಹೊರಡುತ್ತೆ, ಚಿಪ್ ಆ ಅಲೆಯಿಂದಲೇ ತನಗೆ ಬೇಕಾದ ಕರೆಂಟ್ ತಗೊಂಡು ತನ್ನ ನಂಬರ್ ವಾಪಸ್ ಹೇಳುತ್ತೆ. ಸ್ವಲ್ಪ ಹೊಸ ಸಿಸ್ಟಮ್‌ಗಳಲ್ಲಿ ಬರೀ ನಂಬರ್ ಹೇಳಿದ್ರೆ ಸಾಕಾಗಲ್ಲ, ಗಾಡಿ ಒಂದು ಪ್ರಶ್ನೆ ಕಳ್ಸುತ್ತೆ, ಪ್ರತಿ ಸಲ ಬೇರೆ ಪ್ರಶ್ನೆ, ಚಿಪ್ ತನ್ನೊಳಗಿರೋ ಗುಟ್ಟಿನ ಕೋಡ್ ಹಾಕಿ ಲೆಕ್ಕ ಮಾಡಿ ಉತ್ತರ ಕೊಡ್ಬೇಕು. ಉತ್ತರ ಸರಿ ಇದ್ರೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್, ಸ್ಪಾರ್ಕ್ ಎಲ್ಲಾ ಬಿಡುತ್ತೆ, ತಪ್ಪಾದ್ರೆ ಬಿಡಲ್ಲ. ಇಷ್ಟೆಲ್ಲಾ ಆಗೋದು ನೀವು ಕೀನ ಆನ್ ಇಂದ ಸ್ಟಾರ್ಟಿಗೆ ತಿರುಗಿಸೋದ್ರೊಳಗೆ. ನನಗೆ ಈ ವ್ಯವಸ್ಥೆ ಮೇಲೆ ತುಂಬಾ ಗೌರವ ಇದೆ, ಒಂದು ಸೆಲ್ ಕೂಡ ಇಲ್ದೆ ವರ್ಷಾನುಗಟ್ಟಲೆ ಕೆಲಸ ಮಾಡುತ್ತೆ ಅಂದ್ರೆ ಸಾಮಾನ್ಯ ಅಲ್ಲ.

ಶುರುವಲ್ಲಿ ಇಷ್ಟು ಇರ್ಲಿಲ್ಲ. 1986ರ ಕಾರ್ವೆಟ್ ಕಾರಲ್ಲಿ ಜನರಲ್ ಮೋಟಾರ್ಸ್‌ನವ್ರು ಕೀ ಬ್ಲೇಡ್ ಮೇಲೆ ಕರೆಂಟಿಗೆ ತಡೆ ಒಡ್ಡೋ ಒಂದು ರೆಸಿಸ್ಟರ್ ಕೂರಿಸಿದ್ರು, ಒಟ್ಟು 15 ಬೇರೆ ಬೇರೆ ಅಳತೆಯ ರೆಸಿಸ್ಟರು, ಗಾಡಿಗೆ ಸರಿಹೊಂದೋದು ಅದ್ರಲ್ಲಿ ಒಂದು. ತಪ್ಪು ಕೀ ಹಾಕಿದ್ರೆ ಕೆಲವು ನಿಮಿಷ ಗಾಡಿ ಸುಮ್ನೆ ಕೂತ್ಬಿಡೋದು. ಆ ಕೀನ ಮಲ್ಟಿಮೀಟರ್ ಇಟ್ಟು ಅಳೀಬಹುದಿತ್ತು, ಕಳ್ಳನೂ ಅಳೀಬಹುದಿತ್ತು. ಚಿಪ್ ಬಂದ ಮೇಲೆ ಆಟ ಬದಲಾಯ್ತು. ಬ್ರಿಟನ್ನಲ್ಲಿ 1998ರ ಅಕ್ಟೋಬರ್‌ನಿಂದ, ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ನಮ್ಮಲ್ಲಿ ಮಾರುತಿಯವ್ರು ಐ-ಕ್ಯಾಟ್ಸ್ ಅಂತ ಸ್ಟಿಕರ್ ಅಂಟಿಸ್ತಿದ್ರಲ್ಲ, ಅದೂ ಇದೇ.

ಈಗ ಕಂಡುಹಿಡಿಯೋದು ಹೇಗೆ ಅಂತ. ಮೊದ್ಲು ಸೆಲ್ಫ್ ಹೊಡಿಯುತ್ತಾ ಇಲ್ವಾ ನೋಡಿ. ಟಕ್ ಟಕ್ ಅಂತಿದ್ರೆ, ಇಲ್ಲ ನಿಧಾನಕ್ಕೆ ಎಳೀತಿದ್ರೆ ಮೊದ್ಲು ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್ ನೋಡಿ. ಮಲ್ಟಿಮೀಟರ್ ಇದ್ರೆ ಬ್ಯಾಟರಿ ಮೇಲೆ ಇಡಿ, ರಾತ್ರಿ ನಿಂತ ಗಾಡೀಲಿ 12.6 ವೋಲ್ಟ್ ಇದ್ರೆ ಫುಲ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ, ಸೆಲ್ಫ್ ಹೊಡಿಯುವಾಗ 9.6ರ ಕೆಳಗೆ ಬಿದ್ರೆ ಬ್ಯಾಟರಿ ಸೋತಿದೆ ಅಂತ. ಇದು ಯಾಕೆ ಮುಖ್ಯ ಅಂದ್ರೆ ಬ್ಯಾಟರಿ ವೀಕ್ ಇದ್ದಾಗ ಸೆಲ್ಫ್ ಎಳೆಯೋ ಹೊತ್ತಿಗೆ ವೋಲ್ಟೇಜ್ ಕುಸಿದು ಇಮ್ಮೊಬಿಲೈಸರ್ ಬಾಕ್ಸೇ ಆಫ್ ಆಗಿ ಆನ್ ಆಗುತ್ತೆ, ಚಿಪ್ ಓದೋದು ಅರ್ಧಕ್ಕೆ ನಿಲ್ಲುತ್ತೆ, ಲ್ಯಾಂಪ್ ಮಿಟುಕೋಕೆ ಶುರು ಆಗುತ್ತೆ, ನೋಡಿದವ್ರು ಕೀ ಹೋಗಿದೆ ಅಂತಾರೆ. ಇಂಥ ಗಾಡಿಗೆ ಒಳ್ಳೆ ಬ್ಯಾಟರಿಯಿಂದ ಜಂಪ್ ಕೊಟ್ರೆ ಲ್ಯಾಂಪೂ ಆರುತ್ತೆ ಇಂಜಿನ್ನೂ ಹತ್ತುತ್ತೆ. ಹಾಗಾಗಿ ವೋಲ್ಟೇಜ್ ನೋಡ್ದೆ ಇಮ್ಮೊಬಿಲೈಸರ್ ಕಡೆ ಕೈ ಹಾಕೋದು ಬೇಡ.

ಸೆಲ್ಫ್ ಜೋರಾಗಿ ಹೊಡೀತಿದೆ ಅಂದ್ರೆ ಆಗ ಲ್ಯಾಂಪ್. ಇಲ್ಲಿ ಒಂದು ಗೊಂದಲ ಇದೆ, ಎಲ್ಲಾ ಕಂಪನಿಯವ್ರದ್ದೂ ಒಂದೇ ಥರ ಅಲ್ಲ. ಗಾಡಿ ಲಾಕ್ ಮಾಡಿ ಹೋದ ಮೇಲೆ ಕೆಂಪು ಲೈಟ್ ನಿಧಾನಕ್ಕೆ ಮಿಟುಕ್ತಿದ್ರೆ ಅದು ಕಾವಲು ಕೂತಿದೆ ಅಂತ ಅರ್ಥ, ಟೊಯೋಟಾದಲ್ಲಿ ಹಾಗೆ, ಕೀ ಹಾಕಿದ್ರೆ ನಿಲ್ಲುತ್ತೆ, ಭಯ ಬೇಡ. ನೋಡ್ಬೇಕಾಗಿರೋದು ಕೀ ಆನ್ ಮಾಡಿದ ಮೇಲೆ. ಒಂದೆರಡು ಸೆಕೆಂಡ್ ಹತ್ತಿ ಆರಿದ್ರೆ ಕೀ ಒಪ್ಪಿಗೆ ಆಗಿದೆ. ಕೀ ಆನ್ ಇದ್ದಾಗ್ಲೂ ಮಿಟುಕ್ತಾನೇ ಇದ್ರೆ ಗಾಡಿ ನಿಮ್ಮ ಕೀನ ಗುರುತು ಹಿಡೀತಿಲ್ಲ. ಹಳೇ ಫೋರ್ಡ್ ಗಾಡಿಗಳಲ್ಲಿ ಇನ್ನೂ ಚೆನ್ನಾಗಿತ್ತು, ಸುಮಾರು ಒಂದು ನಿಮಿಷ ಜೋರಾಗಿ ಮಿಟುಕಿದ ಮೇಲೆ ಲೈಟೇ ಕೋಡ್ ಹೇಳೋದು, ಒಂದು ಸಲ ಮಿಟುಕಿ ಸ್ವಲ್ಪ ಬಿಟ್ಟು ಮೂರು ಸಲ ಮಿಟುಕಿದ್ರೆ ಚಿಪ್ಪಿಂದ ಉತ್ತರಾನೇ ಬಂದಿಲ್ಲ ಅಂತ, ಒಂದು ಮತ್ತು ಐದು ಆದ್ರೆ ಉತ್ತರ ಬಂದಿದೆ ಆದ್ರೆ ಈ ಕೀ ಗಾಡಿಗೆ ರಿಜಿಸ್ಟರ್ ಆಗಿಲ್ಲ ಅಂತ. ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಇಲ್ದೇ ಇದ್ರೂ ಕೆಲಸ ಆಗೋದು. ಈ ವ್ಯತ್ಯಾಸ ದೊಡ್ಡದು, ಮೊದಲನೇದಾದ್ರೆ ಚಿಪ್ ಅಥ್ವಾ ಕಾಯಿಲ್ ನೋಡ್ಬೇಕು, ಎರಡನೇದಾದ್ರೆ ಪ್ರೋಗ್ರಾಮಿಂಗ್.

ಇನ್ನು ಕೆಲವು ಗಾಡಿಗಳು ಇಮ್ಮೊಬಿಲೈಸರ್ ತೊಂದ್ರೆ ಇದ್ರೂ ಸ್ಟಾರ್ಟ್ ಆಗ್ತವೆ, ಒಂದೆರಡು ಸೆಕೆಂಡ್ ಓಡಿ ಪಟ್ ಅಂತ ನಿಂತ್ಹೋಗ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಗುಂಪಿನ ಕಾರುಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ಲಕ್ಷಣ. ಇದನ್ನ ಪೆಟ್ರೋಲ್ ಬರ್ತಿಲ್ಲ ಅಂತ ತಿಳ್ಕೊಂಡು ಫಿಲ್ಟರ್, ಪಂಪ್ ಕಡೆ ಹೋಗ್ತಾರೆ. ಪ್ರತಿ ಸಲಾನೂ ಅಷ್ಟೇ ಹೊತ್ತಿಗೆ ಸರಿಯಾಗಿ ನಿಲ್ತಿದ್ರೆ ಅದು ಪೆಟ್ರೋಲ್ ತೊಂದ್ರೆ ಥರ ಅಲ್ಲ, ಪೆಟ್ರೋಲ್ ಕಮ್ಮಿ ಆದ ಇಂಜಿನ್ ಕೆಮ್ಮುತ್ತೆ, ಒದ್ದಾಡುತ್ತೆ, ಒಂದ್ಸಲ ಜಾಸ್ತಿ ಓಡುತ್ತೆ ಒಂದ್ಸಲ ಕಮ್ಮಿ. ಸ್ವಿಚ್ ಆಫ್ ಮಾಡಿದ ಹಾಗೆ ನಿಂತ್ರೆ ಯಾರೋ ಬೇಕಂತಲೇ ನಿಲ್ಲಿಸ್ತಿದ್ದಾರೆ ಅಂತ ಅರ್ಥ.

ಲ್ಯಾಂಪ್ ಸರಿಯಾಗಿ ಆರ್ತಿದೆ, ಆದ್ರೂ ಸ್ಪಾರ್ಕೂ ಇಲ್ಲ ಇಂಜೆಕ್ಟರೂ ಹೊಡೀತಿಲ್ಲ ಅಂದ್ರೆ ನನ್ನ ಮೊದಲ ಅನುಮಾನ ಇಂಜಿನ್ ತಿರುಗೋದನ್ನ ಇಸಿಯುಗೆ ತಿಳಿಸೋ ಕ್ರ್ಯಾಂಕ್ ಸೆನ್ಸರ್ ಮೇಲೆ. ಎರಡರ ಲಕ್ಷಣಾನೂ ಒಂದೇ ಥರ ಇರೋದ್ರಿಂದ ಇಮ್ಮೊಬಿಲೈಸರ್ ಅಂತ ಸುಮಾರು ಜನ ಮೋಸ ಹೋಗೋದು ಇಲ್ಲೇ. ಸ್ಕ್ಯಾನರ್ ಹಾಕಿ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡ್ತಾ ಸೆಲ್ಫ್ ಹೊಡೀರಿ. ಇನ್ನೂರು ಚಿಲ್ಲರೆ ತೋರಿಸ್ತಿದ್ರೆ ಸೆನ್ಸರ್ ಬದುಕಿದೆ. ಇಂಜಿನ್ ತಿರುಗ್ತಿದ್ರೂ ಸೊನ್ನೆ ತೋರಿಸ್ತಿದ್ರೆ ಇಂಜಿನ್ ತಿರುಗ್ತಿದೆ ಅಂತಾನೇ ಇಸಿಯುಗೆ ಗೊತ್ತಿಲ್ಲ, ಅದು ಯಾಕೆ ಸ್ಪಾರ್ಕ್ ಕೊಡುತ್ತೆ. ಈ ಒಂದು ಪರೀಕ್ಷೆ ಮಾಡಿದ್ರೆ ಅರ್ಧ ಜಗಳ ಮುಗೀತು.

ಸ್ಕ್ಯಾನರಲ್ಲಿ ಬರೋ ಕೋಡ್ ವಿಷ್ಯ ಬಂದ್ರೆ, ಪಿ0513 ಅಂದ್ರೆ ತಪ್ಪು ಕೀ, ಯು0167 ಅಂದ್ರೆ ಇಮ್ಮೊಬಿಲೈಸರ್ ಬಾಕ್ಸ್ ಜೊತೆ ಮಾತುಕತೆ ಕಟ್ ಆಗಿದೆ, ಅಂದ್ರೆ ಫ್ಯೂಸ್, ವೈರ್, ಕನೆಕ್ಟರ್ ಕಡೆ ನೋಡಿ. ಇದು ಬಿಟ್ಟು ಪ್ರತಿ ಕಂಪನಿಗೂ ಅವ್ರದ್ದೇ ಕೋಡ್‌ಗಳಿವೆ. ಆನ್‌ಲೈನಲ್ಲಿ ಸಿಗೋ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಾಮಾನ್ಯವಾಗಿ ಇಂಜಿನ್ ಇಸಿಯು ಮಾತ್ರ ಓದುತ್ತೆ, ಇಮ್ಮೊಬಿಲೈಸರ್ ಬಾಕ್ಸ್ ಒಳಗೆ ಹೋಗಲ್ಲ, ಅದಕ್ಕೆ ಅದ್ರಲ್ಲಿ ಕೋಡ್ ಏನೂ ಇಲ್ಲ ಅಂತ ಬಂದ್ರೆ ತೊಂದ್ರೆ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ.

ಕೀ ಅನುಮಾನ ಬಂದಾಗ ಖರ್ಚಿಲ್ಲದ ಪರೀಕ್ಷೆ ಎರಡನೇ ಕೀ. ಅದ್ರಲ್ಲಿ ಸ್ಟಾರ್ಟ್ ಆದ್ರೆ ಗಾಡಿ ಸರಿ ಇದೆ, ಮೊದಲ ಕೀ ಹೋಗಿದೆ. ಎರಡರಲ್ಲೂ ಆಗ್ದೆ ಇದ್ರೆ ಕಾಯಿಲ್, ಬಾಕ್ಸ್, ವೈರ್. ಆಮೇಲೆ ಕೀ ಗೊಂಚಲು ಬಿಚ್ಚಿ ಒಂಟಿ ಕೀ ಹಾಕಿ ನೋಡಿ, ಬೇರೆ ಗಾಡಿಯ ಚಿಪ್ ಕೀನೂ ಅದೇ ರಿಂಗಲ್ಲಿ ನೇತಾಡ್ತಿದ್ರೆ ಎರಡೂ ಚಿಪ್ ಒಟ್ಟಿಗೆ ಉತ್ತರ ಕೊಟ್ಟು ಕಲಸುಮೇಲೋಗರ ಆಗುತ್ತೆ. ಕಾಯಿಲ್ ನೋಡೋಕೆ ಸ್ಟೀರಿಂಗ್ ಕವರ್ ತೆಗೆದು ಕನೆಕ್ಟರ್ ಬಿಗಿಯಾಗಿ ಕೂತಿದ್ಯಾ, ವೈರ್ ಎಲ್ಲಾದ್ರೂ ಕಚ್ಕೊಂಡಿದ್ಯಾ ಅಂತ ನೋಡಿ. ಇಗ್ನಿಷನ್ ಲಾಕ್ ಬದಲಾಯಿಸಿದ ಮೇಲೆ ಈ ತೊಂದ್ರೆ ಶುರುವಾದ ಗಾಡಿಗಳಲ್ಲಿ ರಿಂಗ್ ವಾಪಸ್ ಸರಿಯಾಗಿ ಕೂರಿಸಿರಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳುವಳಿಕೆ, ಬೇರೆ ಗಾಡಿಯ ಇಸಿಯು ತಂದು ಹಾಕಿ ನೋಡೋದು. ಆ ಇಸಿಯು ಆ ಗಾಡಿಯ ಇಮ್ಮೊಬಿಲೈಸರ್ ಜೊತೆ ಜೋಡಿ ಆಗಿರುತ್ತೆ, ನಿಮ್ಮ ಗಾಡೀಲಿ ಖಂಡಿತ ಸ್ಟಾರ್ಟ್ ಆಗಲ್ಲ, ಅದನ್ನ ನೋಡಿ ತೊಂದ್ರೆ ಬೇರೆಲ್ಲೋ ಇದೆ ಅಂತ ಹೇಳಿದ್ರೆ ಆ ಪರೀಕ್ಷೆಗೆ ಬೆಲೆನೇ ಇಲ್ಲ. ಹಾಗೇ ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ತೆಗೆದಿಟ್ರೆ ಕೀ ರೀಸೆಟ್ ಆಗುತ್ತೆ ಅನ್ನೋದೂ ಅಷ್ಟೇ, ಕೀ ನಂಬರ್‌ಗಳು ಕರೆಂಟ್ ಹೋದ್ರೂ ಅಳಿಸ್ದೆ ಇರೋ ಮೆಮರೀಲಿ ಇರುತ್ವೆ, ಇಲ್ಲಾಂದ್ರೆ ಬ್ಯಾಟರಿ ಬದಲಾಯಿಸಿದಾಗೆಲ್ಲ ಶೋರೂಮಿಗೆ ಹೋಗ್ಬೇಕಾಗ್ತಿತ್ತು.

ಈಗ ನನಗೆ ಹೆಚ್ಚು ಸಿಟ್ಟು ಬರೋ ಜಾಗ. ಹೊರಗಡೆ ಹಾಕ್ಸೋ ಸೆಂಟ್ರಲ್ ಲಾಕ್, ಸೈರನ್ ಅಲಾರಂ, ಜಿಪಿಎಸ್ ಟ್ರ್ಯಾಕರ್ ಇವುಗಳಲ್ಲಿ ಇಂಜಿನ್ ಕಟ್ ಅಂತ ಒಂದು ರಿಲೇ, ಅಂದ್ರೆ ಕರೆಂಟಿಂದ ಕೆಲಸ ಮಾಡೋ ಸ್ವಿಚ್, ಬರುತ್ತೆ. ಇಗ್ನಿಷನ್ ವೈರ್ ಇಲ್ಲಾ ಪಂಪ್ ವೈರ್ ಕತ್ತರಿಸಿ ಆ ರಿಲೇ ಮೂಲಕ ಹಾಯಿಸಿರ್ತಾರೆ. ವೈರ್ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿ ಡ್ಯಾಶ್‌ಬೋರ್ಡ್ ಕೆಳಗೆ ತೂರಿಸಿರ್ತಾರೆ, ಸೋಲ್ಡರ್ ಇಲ್ಲ, ಏನಿಲ್ಲ. ಎರಡು ಬೇಸಿಗೆ ಕಳೆದ್ರೆ ಟೇಪಿನ ಗೋಂದು ಕರಗುತ್ತೆ, ಜಾಯಿಂಟ್ ಬಿಸಿ ಆಗುತ್ತೆ, ರಿಲೇ ಪಾಯಿಂಟ್ ಸುಡುತ್ತೆ. ಟ್ಯಾಕ್ಸಿ ಓಡಿಸೋ ಹುಡುಗ ಒಬ್ಬ ಬಂದಿದ್ದ, "ಅಣ್ಣ, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಸಿದ್ರೆ ಆಗಲ್ಲ, ಒಂದ್ ಗಂಟೆ ಬಿಟ್ರೆ ಮತ್ತೆ ಆಗುತ್ತೆ, ಪ್ಯಾಸೆಂಜರ್ ಎಲ್ಲಾ ಇಳ್ದು ಹೋಗ್ತಾರೆ" ಅಂತ. ಮೀಟರಲ್ಲಿ ಕಂಪನಿ ಲ್ಯಾಂಪ್ ಸರಿಯಾಗೇ ಆರ್ತಿತ್ತು. ಅಂದ್ರೆ ಕಂಪನಿ ಇಮ್ಮೊಬಿಲೈಸರ್ ಒಪ್ಪಿದೆ, ಆದ್ರೂ ಪಂಪಿನ ಸದ್ದು ಇಲ್ಲ. ಕೀ ಆನ್ ಮಾಡಿದ ಕೂಡ್ಲೆ ಹಿಂದಿನ ಸೀಟ್ ಕೆಳಗಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಬರ್ಬೇಕು, ಬರ್ಲಿಲ್ಲ. ಪಂಪಿನ ಕನೆಕ್ಟರಲ್ಲಿ ಟೆಸ್ಟ್ ಲ್ಯಾಂಪ್ ಇಟ್ರೆ ಕರೆಂಟೇ ಇಲ್ಲ. ವೈರ್ ಹಿಂಬಾಲಿಸ್ಕೊಂಡು ಹೋದ್ರೆ ಸ್ಟೀರಿಂಗ್ ಕೆಳಗೆ ಅಲಾರಂ ರಿಲೇ, ಅದ್ರ ಬುಡ ಕಂದು ಬಣ್ಣಕ್ಕೆ ತಿರುಗಿ ಸುಟ್ಟಿತ್ತು. ರಿಲೇ ತೆಗೆದು ಕಂಪನಿ ವೈರನ್ನ ಮೊದಲಿನ ಹಾಗೆ ಸೋಲ್ಡರ್ ಮಾಡಿ ಹೀಟ್ ಸ್ಲೀವ್ ಹಾಕ್ದೆ. ಕಾರ್ಖಾನೆಯಿಂದ ಬಂದ ಇಮ್ಮೊಬಿಲೈಸರ್ ಇರೋ ಗಾಡಿಗೆ ಮೇಲಿಂದ ಇನ್ನೊಂದು ಇಂಜಿನ್ ಕಟ್ ಹಾಕ್ಸೋದು ನನ್ನ ಪ್ರಕಾರ ಬೇಡವೇ ಬೇಡ. ಟ್ರ್ಯಾಕರ್ ಬೇಕಂದ್ರೆ ಜಾಗ ತೋರಿಸೋದಕ್ಕೆ ಮಾತ್ರ ಹಾಕ್ಸಿ, ವೈರ್ ಕತ್ತರಿಸೋಕೆ ಬಿಡ್ಬೇಡಿ.

ಬಟನ್ ಸ್ಟಾರ್ಟ್ ಗಾಡಿಯವ್ರಿಗೆ ಒಂದು ಮಾತು. ಕೀ ಸಿಗ್ತಿಲ್ಲ ಅಂತ ಮೆಸೇಜ್ ಬಂದ್ರೆ ಗಾಬರಿ ಬೇಡ, ಒಳಗಿನ ಸಿಆರ್2032 ಸೆಲ್ ಮುಗಿದಿರುತ್ತೆ (ಕೆಲವು ಗಾಡಿಗೆ ಬೇರೆ ನಂಬರ್ ಇರುತ್ತೆ, ತೆಗೆದು ನೋಡಿ ತನ್ನಿ). ಸೆಲ್ ಸತ್ರೂ ಆ ಬ್ಯಾಟರಿ ಬೇಡದ ಚಿಪ್ ಒಳಗೆ ಇದ್ದೇ ಇದೆ, ಕೀನ ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡ್ಕೊಂಡು ಬ್ರೇಕ್ ಒತ್ತಿ, ಮ್ಯಾನ್ಯುಯಲ್ ಆದ್ರೆ ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ. ಕೆಲವು ಮಾಡೆಲಲ್ಲಿ ತಾಗಿಸೋ ಜಾಗ ಬೇರೆ ಕಡೆ ಇದೆ, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರ್ದಿದ್ದಾರೆ. ಮೊಬೈಲ್ ಜೊತೆ ಒಂದೇ ಜೇಬಲ್ಲಿ, ವೈರ್‌ಲೆಸ್ ಚಾರ್ಜರ್ ಪಕ್ಕದಲ್ಲಿ ಕೀ ಇಟ್ರೂ ಇದೇ ತೊಂದ್ರೆ ಬರಬಹುದು, ದೂರ ಇಟ್ಟು ನೋಡಿ.

ಆಗಾಗ ಯಾರಾದ್ರೂ ಬಂದು "ಇಮ್ಮೊಬಿಲೈಸರ್ ಸಹವಾಸನೇ ಬೇಡ, ಆಫ್ ಮಾಡ್ಕೊಡಿ" ಅಂತ ಕೇಳ್ತಾರೆ. ನಾನು ಮಾಡಲ್ಲ. ಅಮೆರಿಕದಲ್ಲಿ ಏನಾಯ್ತು ಗೊತ್ತಾ? ಅಲ್ಲಿ 2011ರಿಂದ 2022ರ ಮಾಡೆಲ್ ವರ್ಷದ ತನಕದ ಬಹಳಷ್ಟು ಹ್ಯುಂಡೈ, ಕಿಯಾ ಕಾರುಗಳಲ್ಲಿ, ಕೀ ತಿರುಗಿಸಿ ಸ್ಟಾರ್ಟ್ ಮಾಡೋ ಮಾಡೆಲ್‌ಗಳಲ್ಲಿ, ಇಮ್ಮೊಬಿಲೈಸರ್ ಇರ್ಲಿಲ್ಲ. ಸ್ಟೀರಿಂಗ್ ಕವರ್ ಕಿತ್ತು ಯುಎಸ್‌ಬಿ ಕೇಬಲ್ ತುದಿಯಿಂದ ತಿರುಗಿಸಿ ಓಡಿಸ್ಕೊಂಡು ಹೋಗೋ ವಿಡಿಯೋ ಹುಡುಗರ ಮೊಬೈಲಲ್ಲಿ ಹಬ್ಬಿ ಊರೂರಲ್ಲಿ ಕಳ್ಳತನ, ಅಪಘಾತ, ಸಾವು ಕೂಡ ಆಯ್ತು. 2023ರ ಫೆಬ್ರವರೀಲಿ ಕಂಪನಿಗಳು ಫ್ರೀ ಸಾಫ್ಟ್‌ವೇರ್ ಕೊಡೋಕೆ ಶುರು ಮಾಡಿದ್ರು, ಆ ಸಾಫ್ಟ್‌ವೇರ್ ಬೇಕಾದ ಗಾಡಿಗಳೇ ಸುಮಾರು 83 ಲಕ್ಷ. ಪಕ್ಕದ ಕೆನಡಾದಲ್ಲಿ ಕಾನೂನು ಇದ್ದಿದ್ರಿಂದ ಅದೇ ಕಂಪನಿ ಕಾರುಗಳಲ್ಲಿ ಚಿಪ್ ಇತ್ತು. ಇದನ್ನ ತಿಳಿದ ಮೇಲೂ ಒಂದು ಕೀ ಖರ್ಚು ಉಳಿಸೋಕೆ ಗಾಡೀನ ಬಾಗಿಲಿಲ್ಲದ ಮನೆ ಮಾಡ್ಕೊಡಿ ಅಂದ್ರೆ ನನ್ನ ಕೈ ಬರಲ್ಲ.

ಕೀ ಖರ್ಚು ಜಾಸ್ತಿ ಅನ್ನೋದು ನಿಜ. ಒಂದು ಕೀ ಕೈಲಿದ್ದಾಗ ಇನ್ನೊಂದು ಮಾಡ್ಸೋದು ಸುಲಭ, ಎರಡೂ ಹೋದ ಮೇಲೆ ತುಂಬಾ ಕಷ್ಟ, ಕೆಲವು ಗಾಡಿಗೆ ಲಾಕ್ ಸೆಟ್ಟೇ ಬದಲಾಯಿಸ್ಬೇಕಾಗುತ್ತೆ. ಗಾಡಿ ಕಳುವಾದ್ರೆ ಇನ್ಶೂರೆನ್ಸ್‌ನವ್ರೂ ಎರಡೂ ಒರಿಜಿನಲ್ ಕೀ ಕೇಳ್ತಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಎರಡನೇ ಕೀಯಲ್ಲೂ ಇಂಜಿನ್ ಸ್ಟಾರ್ಟ್ ಮಾಡಿ ನೋಡಿ, ಡೋರ್ ತೆಗೆದ್ರೆ ಸಾಕಾಗಲ್ಲ, ಚಿಪ್ ಇಲ್ಲದ ಡೂಪ್ಲಿಕೇಟ್ ಕೀಗೂ ಡೋರ್ ತೆಗೆಯುತ್ತೆ. ಕೀ ಜೊತೆ ಬರೋ ನಂಬರ್ ಇರೋ ಸಣ್ಣ ತಗಡಿನ ಬಿಲ್ಲೆ ಇದ್ರೆ ಇಸ್ಕೊಳ್ಳಿ, ಅದನ್ನ ಗಾಡೀಲಿ ಇಡಬೇಡಿ, ಮನೇಲಿ ಆರ್‌ಸಿ ಕಾರ್ಡ್ ಜೆರಾಕ್ಸ್ ಜೊತೆ ಇಡಿ.

ದಾರೀಲಿ ಗಾಡಿ ನಿಂತು ನಿಮ್ಮ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡೋದಾದ್ರೆ ಮೊದ್ಲು ಮೊಬೈಲಲ್ಲಿ ಒಂದು ಸಣ್ಣ ವಿಡಿಯೋ ತೆಗೀರಿ. ಮೀಟರ್ ಪೂರ್ತಿ ಕಾಣ್ಬೇಕು, ಕೀ ಆಫ್ ಇಂದ ಆನ್ ಮಾಡಿ ಒಂದೈದು ಸೆಕೆಂಡ್ ಸುಮ್ನೆ ಇರಿ, ಪಂಪಿನ ಸದ್ದು ಬಂದ್ರೆ ಅದೂ ಕೇಳ್ಬೇಕು, ಆಮೇಲೆ ಸೆಲ್ಫ್ ಹೊಡೀರಿ. ಅದ್ರ ಜೊತೆ ಯಾವ ಮಾಡೆಲ್, ಯಾವ ವರ್ಷ, ಪೆಟ್ರೋಲಾ ಡೀಸೆಲ್ಲಾ, ಎರಡನೇ ಕೀ ಹಾಕಿ ನೋಡಿದ್ರಾ, ಹೊರಗಡೆ ಅಲಾರಂ ಹಾಕ್ಸಿದ್ದೀರಾ, ಇತ್ತೀಚೆಗೆ ಕೀ ಶೆಲ್ ಇಲ್ಲ ಬ್ಯಾಟರಿ ಬದಲಾಯಿಸಿದ್ರಾ ಅಂತ ಬರ್ದು ಕಳ್ಸಿ. ಇಷ್ಟಿದ್ರೆ ಟೋ ಗಾಡಿ ಕರೀಬೇಕಾ, ಒಂದು ಜಂಪ್ ಕೇಬಲ್ ಸಾಕಾ ಅಂತ ಅವ್ರು ಕೂತಲ್ಲಿಂದಲೇ ಹೇಳಬಹುದು.